ಯು, ಯುಎ, ಎ: ಬರೆದವರು ಯಾರು, ಯಾಕೆ ಬರೆದರು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೆನ್ಸಾರ್ ಬಗ್ಗೆಯೇ ಇವೆ. ಹಾಡು, ನಟರು, ಹಳೆ ಥಿಯೇಟರುಗಳ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಹೊಸ ಓದುಗರಿಗೆ ಒಂದು ಮಾತು. ನಾನು ಮಲೆನಾಡಿನ ಟೂರಿಂಗ್ ಟಾಕೀಸುಗಳಲ್ಲಿ ರೀಲು ಸುತ್ತುತ್ತಾ ಕೆಲಸ ಕಲಿತವನು. ಆಮೇಲೆ ಶಿವಮೊಗ್ಗದ ಒಂದು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದೆ. ರೀಲು ಹೋಗಿ ಹಾರ್ಡ್ ಡಿಸ್ಕ್ ಬಂದ ಮೇಲೆ ಕೆಲಸ ಬಿಟ್ಟೆ. ಸೆನ್ಸಾರ್ ಸರ್ಟಿಫಿಕೇಟನ್ನು ಜನ ಪರದೆ ಮೇಲೆ ನೋಡುವ ಮೊದಲು ಕೈಯಲ್ಲಿ ಹಿಡಿದು ನೋಡುತ್ತಿದ್ದವನು ನಾನು. ಹಾಗಾಗಿ ಈ ವಿಷಯ ನನಗೆ ಬಹಳ ಹತ್ತಿರದ್ದು.

ಅಣ್ಣಾ, ದಸರಾ ರಜೆಯಲ್ಲಿ ಮಗಳನ್ನು ಶಿವಮೊಗ್ಗಕ್ಕೆ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ. ಪೋಸ್ಟರ್ ಮೇಲೆ ಯುಎ ಅಂತ ಇತ್ತು. ಇಂಟರ್ವಲ್‌ಗೆ ಮುಂಚೆಯೇ ಮುಖ ಮುಚ್ಕೊಂಡು ಅಳೋಕೆ ಶುರು ಮಾಡಿದಳು. ಬಾಗಿಲಲ್ಲಿ ಯಾರೂ ಏನೂ ಹೇಳಲಿಲ್ಲ. ಯುಎ ಅಂದ್ರೆ ಮಕ್ಕಳೂ ನೋಡಬಹುದು ಅಂತ ಅಲ್ವಾ?
— ಒಬ್ಬ ತಾಯಿ, ತೀರ್ಥಹಳ್ಳಿ

ತಂಗೀ, ಮಗು ಈಗ ಚೆನ್ನಾಗಿದೆ ಅಂದುಕೊಂಡಿದ್ದೇನೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ನಮ್ಮ ಸಿನಿಮಾ ಕಾಯ್ದೆ 1952ರದ್ದು. ಅದರ ಪ್ರಕಾರ ಸಿನಿಮಾ ನೋಡಿ ಅಕ್ಷರದ ಗುರುತು ಕೊಡುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಅಂದರೆ ನಾವೆಲ್ಲ ಸೆನ್ಸಾರ್ ಅನ್ನುವುದು. 1983ರವರೆಗೆ ಎರಡೇ ಅಕ್ಷರ ಇದ್ದವು. ಯು ಅಂದರೆ ಯಾರು ಬೇಕಾದರೂ ನೋಡಬಹುದು. ಎ ಅಂದರೆ 18 ತುಂಬಿದವರು ಮಾತ್ರ. 1983ರಲ್ಲಿ ಯುಎ ಬಂತು. 12 ವರ್ಷದೊಳಗಿನ ಮಕ್ಕಳಾದರೆ ತಂದೆ-ತಾಯಿ ಯೋಚನೆ ಮಾಡಿ ಕರೆತರಬೇಕು ಅಂತ ಅದರ ಅರ್ಥ. 2023ರಲ್ಲಿ ಕಾಯ್ದೆ ತಿದ್ದಿ ಅದನ್ನೇ ಮೂರು ಮಾಡಿದರು: ಯುಎ 7+, ಯುಎ 13+, ಯುಎ 16+. ನೀವು ಪೋಸ್ಟರನ್ನು ಇನ್ನೊಂದು ಸಲ ಹತ್ತಿರ ಹೋಗಿ ನೋಡಿದ್ದರೆ ಪಕ್ಕದಲ್ಲಿ ಒಂದು ಸಣ್ಣ ಸಂಖ್ಯೆ ಇರುತ್ತಿತ್ತು. ಇರುವೆ ಗಾತ್ರದ ಅಕ್ಷರ. ಬಸ್ ಇಳಿದು, ಮಗುವಿನ ಕೈ ಹಿಡಿದು, ಟಿಕೆಟ್ ಸಾಲಿಗೆ ಓಡುವ ತಾಯಿಗೆ ಅದು ಕಾಣುವುದಿಲ್ಲ.

ಇನ್ನು ಬಾಗಿಲಲ್ಲಿ ಯಾಕೆ ತಡೆಯಲಿಲ್ಲ ಅಂದರೆ, ತಡೆಯುವ ಅಧಿಕಾರ ಗೇಟ್ ಕೀಪರ್‌ಗೆ ಇಲ್ಲ. ಯುಎ ಪಕ್ಕದ ಸಂಖ್ಯೆ ತಂದೆ-ತಾಯಿಗೆ ಸಲಹೆ ಮಾತ್ರ, ಬೇರೆ ಯಾರೂ ಅದನ್ನು ಜಾರಿ ಮಾಡುವ ಹಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತೆ. ತೀರ್ಮಾನ ನಿಮ್ಮದು ಅಂದ ಹಾಗಾಯಿತು. ಅದು ಸರಿಯೇ. ಮಗು ನಿಮ್ಮದು. ಆದರೆ ತೀರ್ಮಾನ ಮಾಡಬೇಕಾದವರಿಗೆ ವಿವರ ಬೇಕಲ್ಲ? ‘16+’ ಅಂದರೆ ಅದರಲ್ಲಿ ಏನಿದೆ? ರಕ್ತವಾ, ದೆವ್ವವಾ, ಕೆಟ್ಟ ಬೈಗುಳವಾ, ಹೆಣ್ಣಿನ ಮೇಲಿನ ದೌರ್ಜನ್ಯವಾ? ನನ್ನ ಮೊಮ್ಮಗನಿಗೆ ಹೊಡೆದಾಟ ಎಷ್ಟಿದ್ದರೂ ಏನೂ ಅನಿಸಲ್ಲ. ತಾಯಿ ಸಾಯುವ ದೃಶ್ಯ ಬಂದರೆ ಮಾತ್ರ ಆ ರಾತ್ರಿ ಊಟ ಬಿಡುತ್ತಾನೆ. ಒಂದೊಂದು ಮಗುವಿಗೆ ಒಂದೊಂದು ಭಯ. ಒಂದು ಸಂಖ್ಯೆ ಅದನ್ನೆಲ್ಲ ಹೇಳಲಾರದು.

ಅದೇ ಸಿನಿಮಾ ಮೊಬೈಲಿಗೆ ಬಂದಾಗ ನೋಡಿ. ಓಟಿಟಿಗಳಿಗೆ 2021ರಲ್ಲಿ ಬಂದ ನಿಯಮದ ಪ್ರಕಾರ ವಯಸ್ಸಿನ ಗುರುತಿನ ಜೊತೆಗೆ ಒಳಗೆ ಏನಿದೆ ಅನ್ನುವುದನ್ನೂ ತೋರಿಸಬೇಕು. ಹಿಂಸೆ, ಕೆಟ್ಟ ಭಾಷೆ, ಮಾದಕ ವಸ್ತು ಅಂತ ಮೂಲೆಯಲ್ಲಿ ಬರುತ್ತಲ್ಲ, ಅದೇ. ಮನೆಯಲ್ಲಿ ಕೂತು ನೋಡಿದರೆ ಎಚ್ಚರಿಕೆ ಸಿಗುತ್ತೆ. 60 ಕಿಲೋಮೀಟರ್ ಬಸ್ಸಿನಲ್ಲಿ ಬಂದು, ದುಡ್ಡು ಕೊಟ್ಟು, ಕತ್ತಲಲ್ಲಿ ಕೂತವರಿಗೆ ಪೋಸ್ಟರಿನ ಮೇಲೆ ಒಂದು ಗುರುತು ಅಷ್ಟೇ. ಇದನ್ನು ಬದಲಾಯಿಸುವುದು ಕಷ್ಟದ ಕೆಲಸವೂ ಅಲ್ಲ. ಅಕ್ಷರದ ಕೆಳಗೆ ಒಂದು ಸಾಲು, ಕನ್ನಡದಲ್ಲಿ. ಸಾಕು.

ಅಲ್ಲಿಯವರೆಗೆ ನೀವು ಹೀಗೆ ಮಾಡಿ. ಮೊದಲ ದಿನವೇ ಹೋಗಬೇಡಿ. ನೋಡಿ ಬಂದವರ ಹತ್ತಿರ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ನಮ್ಮ ಮಗಳು ಇದಕ್ಕೆ ಹೆದರುತ್ತಾಳೆ, ಅದು ಇದೆಯಾ’ ಅಂತ ಕೇಳಿ. ಇಂಗ್ಲಿಷ್ ಸಿನಿಮಾ ಆದರೆ ಇಂಗ್ಲೆಂಡಿನ ಸಿನಿಮಾ ಮಂಡಳಿಯ ವೆಬ್‌ಸೈಟಿನಲ್ಲಿ ಯಾವ ದೃಶ್ಯಕ್ಕಾಗಿ ಯಾವ ಗುರುತು ಕೊಟ್ಟಿದ್ದೇವೆ ಅಂತ ಅವರೇ ಬಿಡಿಸಿ ಬರೆದಿರುತ್ತಾರೆ. ಯಾರು ಬೇಕಾದರೂ ಓದಬಹುದು.

ಸರ್, ಸಿನಿಮಾ ಶುರುವಾಗುವ ಮೊದಲು ಬರುವ ಸರ್ಟಿಫಿಕೇಟಿನಲ್ಲಿ ಕೆಳಗೆ ಎಡಗಡೆ ಮೂಲೆಯಲ್ಲಿ ಕೆಲವು ಸಲ ತ್ರಿಕೋನ ಇರುತ್ತೆ, ಕೆಲವು ಸಲ ಇರಲ್ಲ. ಎಂತದು ಅದು?
— ಕಾಲೇಜು ವಿದ್ಯಾರ್ಥಿ, ಸಾಗರ

ಒಳ್ಳೆ ಕಣ್ಣು ನಿಮ್ಮದು. ಆ ಸಿನಿಮಾದಲ್ಲಿ ಕತ್ತರಿ ಆಡಿದೆ ಅನ್ನುವುದಕ್ಕೆ ಅದು ಗುರುತು. ತ್ರಿಕೋನ ಕಂಡರೆ ಏನೋ ತೆಗೆದಿದ್ದಾರೆ ಅಂತ ತಿಳಿಯಿರಿ.

ಏನು ತೆಗೆದರು ಅನ್ನುವುದು ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿ ಇರುತ್ತೆ. ಅದನ್ನು ಥಿಯೇಟರಿನಲ್ಲಿ ಕೂತು ಓದಿದವರು ಯಾರೂ ಇರಲಿಕ್ಕಿಲ್ಲ. ನಾವು ಆಪರೇಟರುಗಳು ಓದುತ್ತಿದ್ದೆವು. ಪ್ರಿಂಟು ತಗಡಿನ ಡಬ್ಬಗಳಲ್ಲಿ ಬಸ್ಸಿನ ಮೇಲೆ ಬರುತ್ತಿತ್ತು. ಮೊದಲನೇ ರೀಲಿನ ತುದಿಯಲ್ಲಿ ಸರ್ಟಿಫಿಕೇಟು. ರಿವೈಂಡರ್ ಮೇಲೆ ರೀಲು ಹಾಕಿ, ಫಿಲ್ಮಿನ ಅಂಚಿಗೆ ಬೆರಳು ತಾಗಿಸಿಕೊಂಡು ನಿಧಾನ ಸುತ್ತಬೇಕು. ಹರಿದ ಅಂಚಿನ ತೂತು, ಬಿಟ್ಟುಹೋದ ಜಾಯಿಂಟು ಬೆರಳಿಗೇ ಗೊತ್ತಾಗುತ್ತೆ. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು, ಪರದೆ ಮೇಲೆ ಸೆಕೆಂಡಿಗೆ 24 ಓಡುತ್ತವೆ. ಅಂದರೆ ಒಂದೂವರೆ ಅಡಿಗೆ ಒಂದು ಸೆಕೆಂಡು. ಊರೂರಲ್ಲಿ ತುದಿ ಹರಿಯುತ್ತಿತ್ತು. ಹರಿದಷ್ಟನ್ನು ಕತ್ತರಿಸಿ, ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಚ್ಚಿ ಅಂಟಿಸುತ್ತಿದ್ದರು. ಬೆಂಗಳೂರು, ದಾವಣಗೆರೆ ಮುಗಿಸಿ ಹೊಸನಗರದ ಟೆಂಟಿಗೆ ಬರುವ ಹೊತ್ತಿಗೆ ಸರ್ಟಿಫಿಕೇಟು ಕಣ್ಣು ಮಿಟುಕಿಸುವಷ್ಟು ಮಾತ್ರ ಉಳಿದಿರುತ್ತಿತ್ತು.

ಆ ತುಂಡನ್ನು ಬಲ್ಬಿನ ಮುಂದೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರ ಕಾಣುತ್ತೆ. ಇಂಗ್ಲಿಷಿನಲ್ಲಿ ಪಟ್ಟಿ. ಎಷ್ಟನೇ ರೀಲು, ಯಾವ ದೃಶ್ಯ ಅಥವಾ ಯಾವ ಮಾತು, ಎಷ್ಟು ಮೀಟರ್. ಮೀಟರ್ ಲೆಕ್ಕ ದಶಾಂಶದವರೆಗೆ ಪಕ್ಕಾ. ಯಾಕೆ ತೆಗೆದರು ಅನ್ನುವುದು ಮಾತ್ರ ಇಲ್ಲ. ಮೊದಲನೇ ಭಾಗದಲ್ಲಿ ಅಕ್ಷರ ಇದೆ, ತಾರೀಖು ಇದೆ, ಉದ್ದ ಇದೆ, ಸಿನಿಮಾ ನೋಡಿದ ಸದಸ್ಯರ ಹೆಸರುಗಳೂ ಇರುತ್ತವೆ. ಕಾರಣ ಅಲ್ಲೂ ಇಲ್ಲ. ನಾನು ಆ ಬಲ್ಬಿನ ಮುಂದೆ ನಿಂತು ಹುಡುಕುತ್ತಿದ್ದದ್ದು ಅದೊಂದನ್ನೇ. ಈ ತಿಂಗಳ ಉಳಿದ ಪತ್ರಗಳೆಲ್ಲ ಸುತ್ತಿ ಸುತ್ತಿ ಬಂದು ನಿಲ್ಲುವುದೂ ಅಲ್ಲಿಗೇ.

ನನ್ನ ಮಗನಿಗೆ ಹದಿನಾರು. ನಾನು ಜೊತೆಗಿದ್ದರೆ ಎ ಸಿನಿಮಾಕ್ಕೆ ಬಿಡುತ್ತಾರಾ?
— ಓದುಗರು, ಸೊರಬ

ಇಲ್ಲ. ಎ ಅಂದರೆ 18 ತುಂಬಲೇಬೇಕು, ಅಪ್ಪ ಜೊತೆಗಿದ್ದರೂ ಅಷ್ಟೇ. ಬಿಟ್ಟರೆ ಥಿಯೇಟರಿನವರ ಮೇಲೆ ಕೇಸಾಗುತ್ತೆ. ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗೇಟಿನಲ್ಲಿ ನಿಂತ ಹುಡುಗನ ಹತ್ತಿರ ಜಗಳ ಮಾಡಬೇಡಿ. ಅವನ ಕೆಲಸ ಹೋಗುತ್ತೆ.

ಸರ್, ಅಡಿಕೆ ತೋಟದಲ್ಲಿ ಕೆಲಸ ಮಾಡುವ ಹೆಂಗಸರ ಬಗ್ಗೆ ಒಂದು ಸಣ್ಣ ಸಿನಿಮಾ ಮಾಡಿದ್ದೇನೆ. ಸ್ಟಾರ್ ಇಲ್ಲ, ಫೈಟ್ ಇಲ್ಲ. ಒಂದು ಹೆರಿಗೆ ದೃಶ್ಯ ಇದೆ, ಬಟ್ಟೆ ಸರಿದದ್ದೂ ಇಲ್ಲ, ಬರೀ ಮುಖ ಮತ್ತು ಕೂಗು. ಎ ಸಿಕ್ಕಿದೆ. ಬಾಯಿಮಾತಲ್ಲಿ ‘ವಿಷಯ ದೊಡ್ಡವರದ್ದು’ ಅಂದರು. ಅದೇ ಸಮಯದಲ್ಲಿ ಬಂದ ದೊಡ್ಡ ಸಿನಿಮಾದಲ್ಲಿ ತಲೆಗಳು ಉರುಳುತ್ತವೆ, ಅದಕ್ಕೆ ಯುಎ. ಎ ಆದರೆ ಟಿವಿಯವರು ತಗೊಳ್ಳಲ್ಲ. ಮನೆಯಲ್ಲಿ ಸಾಲ ಇದೆ. ಏನು ಮಾಡಲಿ?
— ಯುವ ನಿರ್ದೇಶಕ, ಹೊಸನಗರ

ತಮ್ಮಾ, ನಿನ್ನ ಪತ್ರ ಓದಿ ಬಹಳ ಹೊತ್ತು ಸಂಕಟವಾಯಿತು. ಮೊದಲು ಹಾದಿ ಹೇಳುತ್ತೇನೆ, ಆಮೇಲೆ ನನ್ನ ಮಾತು.

ನಿನ್ನ ಸಿನಿಮಾ ನೋಡಿದ್ದು ಮಂಡಳಿಯ ಪರಿಶೀಲನಾ ಸಮಿತಿ. 1983ರಿಂದ ನಡೆದುಬಂದ ಪದ್ಧತಿಯಲ್ಲಿ ಒಬ್ಬ ಅಧಿಕಾರಿ, ಜೊತೆಗೆ ಸಲಹೆಗೆಂದು ಕೇಂದ್ರ ಸರ್ಕಾರ ನೇಮಿಸಿದ ಸದಸ್ಯರಲ್ಲಿ ನಾಲ್ಕು ಜನ. ಅವರು ಕೊಟ್ಟಿದ್ದೇ ಕೊನೆ ಅಲ್ಲ. ಒಪ್ಪಿಗೆ ಇಲ್ಲದಿದ್ದರೆ ಪುನರ್‌ಪರಿಶೀಲನಾ ಸಮಿತಿಗೆ ಹೋಗಬಹುದು, ಅಂದರೆ ರಿವೈಸಿಂಗ್ ಕಮಿಟಿ. ಮೊದಲು ನೋಡಿದವರು ಅಲ್ಲಿ ಇರುವುದಿಲ್ಲ. ಹೋಗು. ಎ ತಗೊಂಡು ಸುಮ್ನೆ ಕೂರಬೇಡ. ಅರ್ಜಿಯಲ್ಲಿ ಮಂಡಳಿಗೆ ಕೇಂದ್ರ ಸರ್ಕಾರ ಕೊಟ್ಟ 1991ರ ಮಾರ್ಗಸೂಚಿಯನ್ನು ಎತ್ತಿ ಹೇಳು. ಸಿನಿಮಾವನ್ನು ಇಡಿಯಾಗಿ ನೋಡಿ, ಒಟ್ಟು ಪರಿಣಾಮದ ಮೇಲೆ ತೀರ್ಮಾನಿಸಬೇಕು ಅಂತ ಅದರಲ್ಲೇ ಇದೆ. ಒಂದು ಹೆರಿಗೆ ದೃಶ್ಯ ಹಿಡಿದು ಇಡೀ ಚಿತ್ರವನ್ನು ಅಳೆಯುವ ಹಾಗಿಲ್ಲ. ಟಿವಿ ವಿಚಾರದಲ್ಲಿ ಇನ್ನೊಂದು ಬಾಗಿಲು ತೆರೆದಿದೆ. 2023ರ ತಿದ್ದುಪಡಿ ಪ್ರಕಾರ ಎ ಚಿತ್ರಕ್ಕೆ ಟಿವಿಗಾಗಿಯೇ ಬೇರೆ ಸರ್ಟಿಫಿಕೇಟು ಕೇಳಬಹುದು. ಬೇಕಾದ ಬದಲಾವಣೆ ಮಾಡಿಕೊಡಬೇಕಾಗುತ್ತೆ.

ರಿವೈಸಿಂಗ್ ಕಮಿಟಿಯೂ ಕೈಬಿಟ್ಟರೆ? ಮೊದಲು ಒಂದು ನ್ಯಾಯಮಂಡಳಿ ಇತ್ತು. 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಈಗ ಹೈಕೋರ್ಟೇ ಗತಿ. ದೊಡ್ಡ ಬ್ಯಾನರಿನವರಿಗೆ ವಕೀಲರನ್ನು ಇಡುವುದು ಒಂದು ದಿನದ ಕೆಲಸ. 2016ರಲ್ಲಿ ‘ಉಡ್ತಾ ಪಂಜಾಬ್’ನವರು ಬಾಂಬೆ ಹೈಕೋರ್ಟಿಗೆ ಹೋದರು, ಬಿಡುಗಡೆ ತಾರೀಖಿಗೆ ಮುಂಚೆಯೇ ಒಂದೇ ಕಟ್‌ನಲ್ಲಿ ಬಿಡಿಸಿಕೊಂಡು ಬಂದರು. ಹೊಸನಗರದ ಹುಡುಗ ತೋಟದ ಪಹಣಿ ಹಿಡಿದು ಬೆಂಗಳೂರಿನಲ್ಲಿ ವಕೀಲರ ಆಫೀಸು ಹುಡುಕಬೇಕು. ನಿಯಮ ಇಬ್ಬರಿಗೂ ಒಂದೇ. ಅದನ್ನು ಬಳಸುವ ಶಕ್ತಿ ಮಾತ್ರ ಒಂದೇ ಅಲ್ಲ. ಪಕ್ಷಪಾತ ಅನ್ನುವುದು ಯಾರೋ ಬೇಕೆಂತಲೇ ಮಾಡಿದಾಗ ಮಾತ್ರ ಆಗುವುದಲ್ಲ. ಹೀಗೂ ಆಗುತ್ತೆ.

ಈಗ ನನ್ನ ಮಾತು. ಶಿವಮೊಗ್ಗದ ಮಂಡಿಗೆ ನೀನು ಅಡಿಕೆ ಹಾಕಿದವನೇ ಇರಬೇಕು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಗ್ರೇಡು ಮಾಡುವುದು ನಿನ್ನ ಕಣ್ಣೆದುರೇ. ಚೀಲ ಬಿಚ್ಚಿ, ಕೈಗೆ ಒಂದು ಹಿಡಿ ತಗೊಂಡು, ಬಣ್ಣ ನೋಡಿ, ಒಡೆದು ನೋಡಿ ಹೇಳುತ್ತಾರೆ. ‘ಇದು ಯಾಕೆ ಗೊರಬಲು?’ ಅಂದರೆ ಸುಕ್ಕು ತೋರಿಸುತ್ತಾರೆ. ಒಪ್ಪದಿದ್ದರೆ ಚೀಲ ಹೊತ್ತು ವಾಪಸ್ ಬರಬಹುದು. ಸಿನಿಮಾಕ್ಕೆ ಆ ಮರ್ಯಾದೆ ಇಲ್ಲ. 1983ರ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪರಿಶೀಲನೆಗಾಗಿ ನಡೆಯುವ ಪ್ರದರ್ಶನ, ಅದರ ವರದಿ, ದಾಖಲೆ ಎಲ್ಲ ಗುಟ್ಟು. ನೋಡುವವರು ಯಾರು ಅಂತ ಅರ್ಜಿ ಹಾಕಿದವನಿಗೂ ಹೇಳುವಂತಿಲ್ಲ. ಮುಂಚೆ ಹೇಳಿದರೆ ಫೋನು, ಒತ್ತಡ ಬರುತ್ತೆ ಅನ್ನುವುದು ನನಗೂ ಅರ್ಥವಾಗುತ್ತೆ. ಆದರೆ ನೋಡಿ ಮುಗಿಸಿದ ಮೇಲೆ ವರದಿಯನ್ನು ಯಾಕೆ ಮುಚ್ಚಿಡಬೇಕು?

ಆ ಸದಸ್ಯರು ಯಾರು ಅನ್ನುವುದನ್ನೂ ಕೇಳು. ಸಿನಿಮಾ ಜನರ ಮೇಲೆ ಮಾಡುವ ಪರಿಣಾಮವನ್ನು ಅಳೆಯಬಲ್ಲವರು ಅಂತ ಕೇಂದ್ರ ಸರ್ಕಾರಕ್ಕೆ ‘ಅನ್ನಿಸಿದವರು’. ಕಾಯ್ದೆಯಲ್ಲಿ ಇರುವ ಅರ್ಹತೆ ಅಷ್ಟೇ. ಮಕ್ಕಳ ಮನಸ್ಸು ಬಲ್ಲವರು, ಮೇಷ್ಟ್ರು, ವೈದ್ಯರು ಇರಲೇಬೇಕು ಅಂತಿಲ್ಲ. ಒಳ್ಳೆಯವರು ಇದ್ದೇ ಇರುತ್ತಾರೆ. ಯಾರು ಒಳ್ಳೆಯವರು, ಯಾರು ಯಾರದ್ದೋ ಶಿಫಾರಸಿನಲ್ಲಿ ಬಂದವರು ಅಂತ ತಿಳಿಯಲು ಅವರು ಬರೆದ ಕಾರಣ ಒಂದೇ ದಾರಿ. ಆ ದಾರಿಯೇ ಮುಚ್ಚಿದೆ.

ರಕ್ತಕ್ಕೊಂದು ಅಳತೆ, ಮೈಗೊಂದು ಅಳತೆ ಅನ್ನುವ ನಿನ್ನ ದೂರು ಹೊಸದೇನಲ್ಲ. ಕೆಜಿಎಫ್ ಎರಡನೇ ಭಾಗಕ್ಕೆ 2022ರಲ್ಲಿ ಯುಎ ಸಿಕ್ಕಿತು. ‘ದೊಡ್ಡಮ್ಮ’ ಅನ್ನುವ ಮೆಷಿನ್ ಗನ್ನಿನಲ್ಲಿ ಪೊಲೀಸ್ ಠಾಣೆಯನ್ನೇ ಜರಡಿ ಮಾಡುವ ದೃಶ್ಯ ಅದರಲ್ಲಿದೆ. ನಾನು ಆ ಚಿತ್ರದ ವಿರೋಧಿ ಅಲ್ಲ, ಹಾಲ್ ತುಂಬಿದ್ದು ಕಂಡು ಖುಷಿಪಟ್ಟಿದ್ದೇನೆ. 2015ರಲ್ಲಿ ಬಂದ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ನಲ್ಲಿ ಮುತ್ತಿನ ದೃಶ್ಯಗಳನ್ನು ಅರ್ಧಕ್ಕೆ ಇಳಿಸಿದರು. ಗುಂಡು ಹಾರಿಸಿದ್ದೆಲ್ಲ ಹಾಗೇ ಉಳಿಯಿತು. ಹೆರಿಗೆ ನೋವು ದೊಡ್ಡವರಿಗೆ ಮಾತ್ರ, ಮೆಷಿನ್ ಗನ್ನು ಮಕ್ಕಳಿಗೂ ಆಗುತ್ತೆ ಅಂದರೆ ಅದರ ಹಿಂದೆ ಏನೋ ಯೋಚನೆ ಇರಬೇಕಲ್ಲ. ಅದನ್ನು ಬರೆಯಲಿ. ಓದಿ ಒಪ್ಪುತ್ತೇವೆ, ಇಲ್ಲವೇ ವಾದ ಮಾಡುತ್ತೇವೆ.

ಬರೆದ ಕಾರಣ ಹೊರಗೆ ಬಂದರೆ ಏನಾಗುತ್ತೆ ಅನ್ನುವುದಕ್ಕೆ 2017ರ ಒಂದು ಪತ್ರ ಸಾಕ್ಷಿ. ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಚಿತ್ರಕ್ಕೆ ಸರ್ಟಿಫಿಕೇಟೇ ಇಲ್ಲ ಅಂದರು. ಆ ಪತ್ರ ಪತ್ರಿಕೆಗಳಲ್ಲಿ ಬಂತು. ಕಥೆ ‘ಲೇಡಿ ಓರಿಯೆಂಟೆಡ್’ ಅನ್ನುವುದನ್ನೇ ಒಂದು ಕಾರಣ ಅಂತ ಕೊಟ್ಟಿದ್ದರು. ಇಡೀ ದೇಶ ಅದನ್ನು ಓದಿತು. ಆಗ ಇದ್ದ ನ್ಯಾಯಮಂಡಳಿ ಕೆಲವು ಕಟ್ ಹೇಳಿ ಎ ಕೊಡಿಸಿತು. ಬಾಗಿಲ ಹಿಂದೆ ಬಾಯಿಮಾತಲ್ಲಿ ಹೇಳಿದ್ದರೆ ಆ ಕಾರಣ ಅಲ್ಲೇ ಮುಗಿಯುತ್ತಿತ್ತು, ಸಿನಿಮಾವೂ ಮುಗಿಯುತ್ತಿತ್ತು.

ಇನ್ನೊಂದು ಹಳೆಯ ಕೇಸು ನಿನ್ನ ಅರ್ಜಿಗೆ ಉಪಯೋಗಕ್ಕೆ ಬರಬಹುದು. ಕೆ.ಎ. ಅಬ್ಬಾಸ್ ಅವರು ಕಲ್ಕತ್ತಾ, ಬಾಂಬೆ, ಮದ್ರಾಸ್, ದೆಹಲಿಯ ಸಿರಿವಂತಿಕೆ-ಬಡತನ ತೋರಿಸಿ 1968ರಲ್ಲಿ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಿದ್ದರು. ಅದಕ್ಕೂ ಎ ಕೊಟ್ಟರು. ಯು ಬೇಕಿದ್ದರೆ ವೇಶ್ಯಾವಾಟಿಕೆಯ ಭಾಗ ಕತ್ತರಿಸಿ ಅಂದರು. ಅವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಸರ್ಕಾರವೇ ಕತ್ತರಿ ಇಲ್ಲದೆ ಯು ಕೊಡಲು ಒಪ್ಪಿತು. 1970ರ ತೀರ್ಪಿನಲ್ಲಿ ಕೋರ್ಟು ಸೆನ್ಸಾರ್ ಇರಬಹುದು ಅಂತಲೇ ಹೇಳಿತು. ಆದರೆ ಒಂದೇ ಸಿನಿಮಾ, ಒಂದು ಅಡಿಯೂ ಬದಲಾಗದೆ, ಎ ಇದ್ದದ್ದು ಯು ಆಯಿತು. ಪ್ರಶ್ನೆ ಕೇಳಿದ್ದಕ್ಕೆ ಆಯಿತು.

ಅಮೆರಿಕದಲ್ಲಿ ಸರ್ಕಾರದ ಸೆನ್ಸಾರ್ ಇಲ್ಲವಂತೆ, ಅಲ್ಲಿ ಎಲ್ಲ ಪಾರದರ್ಶಕವಂತೆ. ನಿಜವಾ?
— ಕಾರ್ಖಾನೆ ನೌಕರ, ಭದ್ರಾವತಿ

ಮೊದಲನೆಯದು ನಿಜ, ಎರಡನೆಯದು ಅಲ್ಲ. ಅಲ್ಲಿ ಸಿನಿಮಾ ಕಂಪನಿಗಳ ಸಂಘವೇ ಗುರುತು ಕೊಡುತ್ತೆ. 1968ರ ನವೆಂಬರ್‌ನಲ್ಲಿ ಜ್ಯಾಕ್ ವ್ಯಾಲೆಂಟಿ ಅನ್ನುವವರು ಶುರು ಮಾಡಿದ ಪದ್ಧತಿ. ಕಾನೂನಿನ ಬಲವಂತ ಇಲ್ಲ. ಆದರೆ 1990ರಲ್ಲಿ ಬಂದ ‘ಎನ್‌ಸಿ-17’, ಅಂದರೆ ದೊಡ್ಡವರಿಗೆ ಮಾತ್ರ ಅನ್ನುವ ಗುರುತು ಬಿತ್ತೆಂದರೆ ಬಹಳಷ್ಟು ಥಿಯೇಟರುಗಳು ಆ ಚಿತ್ರ ಹಾಕುವುದೇ ಇಲ್ಲ. ಕಾನೂನು ಇಲ್ಲದಿದ್ದರೂ ಕತ್ತು ಹಿಸುಕಬಹುದು.

ಗುರುತು ಕೊಡುವವರು ಸಾಮಾನ್ಯ ತಂದೆ-ತಾಯಂದಿರು ಅಂತ ಅವರು ಹೇಳುತ್ತಾರೆ. ಹೆಸರು ಮಾತ್ರ ಗುಟ್ಟು. ಕರ್ಬಿ ಡಿಕ್ ಅನ್ನುವ ನಿರ್ದೇಶಕರಿಗೆ ಇದು ಸಹಿಸಲಾಗಲಿಲ್ಲ. ಅವರು ಖಾಸಗಿ ಪತ್ತೇದಾರರನ್ನು ಇಟ್ಟರು. ಪತ್ತೇದಾರರು ಲಾಸ್ ಏಂಜಲೀಸ್‌ನ ಆ ಆಫೀಸಿನ ಹೊರಗೆ ಕಾದು ಕೂತರು, ಬಂದು ಹೋಗುವ ಕಾರುಗಳ ನಂಬರ್ ಬರೆದುಕೊಂಡು ಒಬ್ಬೊಬ್ಬರನ್ನೇ ಗುರುತಿಸಿದರು. 2006ರಲ್ಲಿ ಅದೇ ಒಂದು ಸಾಕ್ಷ್ಯಚಿತ್ರವಾಯಿತು, ‘ದಿಸ್ ಫಿಲ್ಮ್ ಈಸ್ ನಾಟ್ ಯೆಟ್ ರೇಟೆಡ್’. ಚಿಕ್ಕ ಮಕ್ಕಳ ತಂದೆ-ತಾಯಿ ಅಂತ ಹೇಳಿಕೊಂಡಿದ್ದ ಕಡೆ ಕೆಲವರ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಮೇಲ್ಮನವಿ ಕೇಳುವ ಕೋಣೆಯಲ್ಲಿ ಸಿನಿಮಾ ಕಂಪನಿ, ಥಿಯೇಟರ್ ಕಡೆಯವರ ಜೊತೆಗೆ ಕ್ರೈಸ್ತ ಪಾದ್ರಿಗಳೂ ಇರುತ್ತಿದ್ದರು.

ಅದರಲ್ಲಿ ನಿರ್ದೇಶಕರು ಹೇಳಿಕೊಂಡ ನೋವು ಕೇಳಿದರೆ ಹೊಸನಗರದ ಪತ್ರವೇ ನೆನಪಾಗುತ್ತೆ. ದೊಡ್ಡ ಕಂಪನಿಯ ಚಿತ್ರವಾದರೆ ಯಾವ ದೃಶ್ಯ ಎಷ್ಟು ತೆಗೆದರೆ ಕೆಳಗಿನ ಗುರುತು ಸಿಗುತ್ತೆ ಅಂತ ಬಿಡಿಸಿ ಹೇಳುತ್ತಾರೆ, ಸ್ವಂತ ದುಡ್ಡಿನಲ್ಲಿ ಮಾಡಿದವನಿಗೆ ಏನೂ ಹೇಳುವುದಿಲ್ಲ ಅಂದರು. ಗಂಡು-ಹೆಣ್ಣಿನ ದೃಶ್ಯಕ್ಕೆ ಒಂದು ಅಳತೆ, ಗಂಡು-ಗಂಡಿನದ್ದಾದರೆ ಇನ್ನೊಂದು ಅಂತ ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಆ ಸಾಕ್ಷ್ಯಚಿತ್ರವನ್ನೂ ಗುರುತಿಗೆ ಕಳಿಸಿದಾಗ ಅದಕ್ಕೂ ಎನ್‌ಸಿ-17 ಕೊಟ್ಟರು. ಮರುವರ್ಷ ಸಂಘ ಕೆಲವು ನಿಯಮ ಸಡಿಲಿಸಿತು. ಮೇಲ್ಮನವಿಯಲ್ಲಿ ‘ಆ ಸಿನಿಮಾಕ್ಕೆ ಹಾಗೆ ಕೊಟ್ಟಿದ್ದೀರಲ್ಲ’ ಅಂತ ಬೇರೆ ಚಿತ್ರದ ಉದಾಹರಣೆ ಕೊಡಬಹುದು ಅಂದರು. ಅಲ್ಲಿಯವರೆಗೆ ಅದಕ್ಕೂ ಅವಕಾಶ ಇರಲಿಲ್ಲ!

ದೊಡ್ಡವರ ಮಾತಿನ ತೂಕಕ್ಕೆ ಇನ್ನೊಂದು ಉದಾಹರಣೆ. 1984ರಲ್ಲಿ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಒಂದು, ನಿರ್ಮಾಣದಲ್ಲಿ ಪಾಲಿದ್ದ ಇನ್ನೊಂದು ಚಿತ್ರ ಮಕ್ಕಳಿಗೆ ಭಯಂಕರವಾಯಿತು ಅಂತ ತಂದೆ-ತಾಯಿ ಗಲಾಟೆ ಮಾಡಿದರು. ಸ್ಪೀಲ್‌ಬರ್ಗ್ ಅವರೇ ಮಧ್ಯದ ಒಂದು ಗುರುತು ಮಾಡಿ ಅಂತ ವ್ಯಾಲೆಂಟಿಗೆ ಸೂಚಿಸಿದರು. ಅದೇ ವರ್ಷ ‘ಪಿಜಿ-13’ ಬಂತು, 13ರೊಳಗಿನ ಮಕ್ಕಳಾದರೆ ತಂದೆ-ತಾಯಿ ಎಚ್ಚರ ಅನ್ನುವ ಗುರುತು. ಒಳ್ಳೆಯ ಬದಲಾವಣೆಯೇ. ಆದರೆ ಸೂಚಿಸಿದವರು ಬೇರೆ ಯಾರೋ ಆಗಿದ್ದರೆ ಅಷ್ಟು ಬೇಗ ಆಗುತ್ತಿತ್ತಾ?

ಅಮೆರಿಕದವರಿಂದ ಕಲಿಯುವುದೂ ಒಂದಿದೆ. ಅವರು ಗುರುತಿನ ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯುತ್ತಾರೆ. ಅಲ್ಲಿ ಕಾರಣ ಇದೆ, ಹೆಸರಿಲ್ಲ. ನಮ್ಮಲ್ಲಿ ಹೆಸರಿದೆ, ಕಾರಣ ಇಲ್ಲ. ಒಂದು ಸಾಲು ಸಾಕೇ ಅಂದರೆ ಅದೂ ಸಾಲದು. ‘ದಿ ಕಿಂಗ್ಸ್ ಸ್ಪೀಚ್’ 2010ರ ಚಿತ್ರ. ತೊದಲುವ ರಾಜ ಮಾತು ಬರಿಸಿಕೊಳ್ಳಲು ಬೈಗುಳ ಹೇಳುವ ದೃಶ್ಯ ಇದೆ. ಅಮೆರಿಕದಲ್ಲಿ ಬೈಗುಳ ಲೆಕ್ಕ ಹಾಕಿ 17ರೊಳಗಿನವರು ಒಬ್ಬರೇ ಬರುವಂತಿಲ್ಲ ಅಂದರು. ಇಂಗ್ಲೆಂಡಿನಲ್ಲಿ ಮೊದಲು 15 ಕೊಟ್ಟರು, ಅಂದರೆ 15 ತುಂಬಿದವರಿಗೆ ಮಾತ್ರ. ಮೇಲ್ಮನವಿ ಬಂದ ಮೇಲೆ, ಇದು ಚಿಕಿತ್ಸೆಯ ಭಾಗವಾಗಿ ಬರುವ ಮಾತು, ಯಾರನ್ನೂ ಬೈದದ್ದಲ್ಲ ಅಂತ ಕಾರಣ ಕೊಟ್ಟು 12ಎಗೆ ಇಳಿಸಿದರು, ಅಂದರೆ 12ರೊಳಗಿನವರೂ ದೊಡ್ಡವರ ಜೊತೆ ಬರಬಹುದು. ಬೈಗುಳ ಅಷ್ಟೇ ಇತ್ತು. ಅದು ಯಾಕೆ ಬರುತ್ತೆ ಅಂತ ಯಾರೋ ಯೋಚಿಸಿದರು.

ಮಾನ್ಯರೇ, ನೀವು ಪ್ರತಿಯೊಂದನ್ನೂ ಬಯಲಿಗೆ ಇಡಿ ಎನ್ನುತ್ತೀರಿ. ಇಂದಿನ ಅಭಿಮಾನಿಗಳ ಆರ್ಭಟ ನೋಡಿದ್ದೀರಾ? ಕಾರಣ ಬರೆದ ಸದಸ್ಯರ ಮನೆಗೆ ಕಲ್ಲು ಬೀಳುವುದಿಲ್ಲವೆ? ಹಿರಿಯರು ನೋಡಿ ಹೇಳಿದ್ದನ್ನು ನಂಬಿ ನಡೆಯುವುದು ಲೇಸಲ್ಲವೆ?
— ನಿವೃತ್ತ ಮುಖ್ಯೋಪಾಧ್ಯಾಯರು, ಕೊಪ್ಪ

ಮೇಷ್ಟ್ರೇ, ನಿಮ್ಮ ಭಯವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಸ್ಟಾರ್ ಸಿನಿಮಾ ತಡವಾದರೆ ಥಿಯೇಟರಿನ ಗಾಜು ಏನಾಗುತ್ತೆ ಅಂತ ಕಂಡವನು ನಾನು. ಯಾವ ಸದಸ್ಯರು ಯಾವ ಮಾತು ಬರೆದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಮಿತಿಯ ಒಟ್ಟು ಕಾರಣ ಒಂದು ಪುಟದಲ್ಲಿ ಇರಲಿ. ಕೋರ್ಟಿನ ತೀರ್ಪಿಗೆ ಸಿಟ್ಟಾಗುವವರು ಎಷ್ಟು ಜನ ಇಲ್ಲ? ಆದರೂ ನ್ಯಾಯಾಧೀಶರು ಕಾರಣ ಬರೆದೇ ಬರೆಯುತ್ತಾರೆ.

ಹಿರಿಯರನ್ನು ನಂಬಿ ಅನ್ನುತ್ತೀರಿ. ನಿಮ್ಮ ಪಕ್ಕದ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ‘ಸಂಸ್ಕಾರ’ ಚಿತ್ರೀಕರಣ ಆಗಿದ್ದು ನಿಮಗೆ ಗೊತ್ತಿರುತ್ತೆ. ಕಥೆ ನಮ್ಮ ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರದ್ದು. ಮದ್ರಾಸಿನ ಸೆನ್ಸಾರ್ ಹಿರಿಯರು ಅದನ್ನು ನೋಡಿ, ಜಾತಿ ವಿಷಯ, ಜನ ಕೆರಳುತ್ತಾರೆ ಅಂತ ತಡೆದರು. ಆಮೇಲೆ ಕೇಂದ್ರದ ಸಚಿವಾಲಯ ತಡೆ ತೆಗೆಯಿತು. 1970ರ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಕನ್ನಡಕ್ಕೆ ಮೊದಲನೆಯದು. ಅದನ್ನು ತಡೆದವರು ಕೆಟ್ಟವರಾಗಿದ್ದರು ಅಂತ ನಾನು ಹೇಳುವುದಿಲ್ಲ. ಭಯ ಅವರದ್ದು, ನಷ್ಟ ನಮ್ಮದಾಗುತ್ತಿತ್ತು. ಅವರ ಕಾರಣ ಇನ್ನೊಬ್ಬರ ಕಣ್ಣಿಗೆ ಬಿದ್ದದ್ದರಿಂದ ಆ ಚಿತ್ರ ಉಳಿಯಿತು.

ಮುಚ್ಚಿದ ಬಾಗಿಲಿನ ಇನ್ನೊಂದು ಅಪಾಯ ಬಲ್ಲಿರಿ. 2014ರಲ್ಲಿ ನಮ್ಮ ಸೆನ್ಸಾರ್ ಮಂಡಳಿಯ ಸಿಇಒ ಆಗಿದ್ದವರನ್ನೇ ಲಂಚದ ಆರೋಪದಲ್ಲಿ ಸಿಬಿಐ ಬಂಧಿಸಿತು. 2023ರಲ್ಲಿ ತಮಿಳು ನಟ ವಿಶಾಲ್ ತಮ್ಮ ಚಿತ್ರದ ಹಿಂದಿ ಆವೃತ್ತಿಯ ಸರ್ಟಿಫಿಕೇಟಿಗೆ 6.5 ಲಕ್ಷ ರೂಪಾಯಿ ಕೊಡಬೇಕಾಯಿತು ಅಂತ ಬಹಿರಂಗವಾಗಿ ಹೇಳಿದರು, ಅದರ ಮೇಲೂ ಸಿಬಿಐ ಕೇಸು ದಾಖಲಿಸಿತು. ಆರೋಪ ಆರೋಪವೇ. ಆದರೆ ಮಧ್ಯವರ್ತಿ ಹುಟ್ಟುವುದು ಕಾರಣ ತಿಳಿಯದ ಕಡೆ. ಎ ಯಾಕೆ, ಯುಎ ಯಾಕೆ ಅಂತ ಕಾಗದದ ಮೇಲೆ ಇದ್ದರೆ ‘ನಾನು ಮಾತಾಡಿ ಮಾಡಿಸಿಕೊಡ್ತೀನಿ’ ಅನ್ನುವವನಿಗೆ ಕೆಲಸ ಇರುವುದಿಲ್ಲ.

ನಾವು ಪ್ರೇಕ್ಷಕರು ಮಾಹಿತಿ ಹಕ್ಕಿನಲ್ಲಿ ಕಾರಣ ಕೇಳಬಹುದಾ? ಹೇಗೆ?
— ಓದುಗರು, ಶಿಕಾರಿಪುರ

ಕೇಳಬಹುದು. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುತ್ತೆ. ಕೇಂದ್ರದ ಆರ್‌ಟಿಐ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಇಲ್ಲವೇ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲಿ ಕಳಿಸಿ. ಸಿನಿಮಾದ ಹೆಸರು, ಸರ್ಟಿಫಿಕೇಟ್ ನಂಬರ್, ತಾರೀಖು ಸರಿಯಾಗಿ ಬರೆಯಿರಿ. ನಂಬರ್ ಬೇಕಿದ್ದರೆ ಸಿನಿಮಾ ಶುರುವಾದಾಗ ಪರದೆ ಮೇಲೆ ನೋಡಿ ಗುರುತು ಹಾಕಿಕೊಳ್ಳಿ.

ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿ. ಈ ಗುರುತಿಗೆ ದಾಖಲಾದ ಕಾರಣದ ಪ್ರತಿ ಕೊಡಿ ಅನ್ನುವುದು ಒಂದು. ಕತ್ತರಿಸಿದ್ದರ ಪಟ್ಟಿ ಕೊಡಿ ಅನ್ನುವುದು ಇನ್ನೊಂದು. ಸದಸ್ಯರ ವಿಚಾರ ಕೇಳುವುದಿದ್ದರೆ ಅದನ್ನು ಕೊನೆಗೆ, ಬೇರೆಯಾಗಿ ಇಡಿ. ಒಂದನ್ನು ಕೊಡಲಾಗದು ಅಂದರೂ ಉಳಿದದ್ದನ್ನು ಬಿಡಿಸಿ ಕೊಡಬೇಕು ಅಂತ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತೆ. ಹೊಸನಗರದ ತಮ್ಮನಿಗೂ ಒಂದು ಮಾತು: ಅದೇ ಕಾಯ್ದೆಯ 4(1)(ಡಿ) ಓದಿಕೋ. ತನ್ನ ತೀರ್ಮಾನದಿಂದ ತೊಂದರೆಗೆ ಒಳಗಾದವರಿಗೆ ಕಚೇರಿ ತಾನಾಗಿಯೇ ಕಾರಣ ಕೊಡಬೇಕು ಅಂತ ಅಲ್ಲಿದೆ. ಪ್ರೇಕ್ಷಕರಿಗಿಂತ ನಿನ್ನ ಹಕ್ಕು ಗಟ್ಟಿ.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ, ಅಥವಾ ಬಂದದ್ದು ಸಾಲದಿದ್ದರೆ, ಮುಂದಿನ 30 ದಿನದೊಳಗೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಫೀಸು ಇಲ್ಲ. ಬಂದ ಉತ್ತರದ ಒಂದು ಜೆರಾಕ್ಸ್ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಿಮ್ಮ ಹೆಸರು ತೆಗೆದು, ಉತ್ತರ ಇದ್ದ ಹಾಗೇ ಇಲ್ಲಿ ಹಾಕುತ್ತೇನೆ.